ಕೊಲೊರೆಕ್ಟಲ್ ಸರ್ಜನ್ ಅಂದ್ರೆ ಯಾರು? ಮೂಲವ್ಯಾಧಿ ಡಾಕ್ಟರಾ, ಕ್ಯಾನ್ಸರ್ ಡಾಕ್ಟರಾ?

ಮೂರು ವರ್ಷದ ಹಿಂದೆ ನಮ್ಮ ದೊಡ್ಡಪ್ಪಂಗೆ ಟಾಯ್ಲೆಟ್‌ಗೆ ಹೋದಾಗ ರಕ್ತ ಬರೋಕೆ ಶುರುವಾಯ್ತು. ಅರಸೀಕೆರೆ ಕಡೆ ತೆಂಗಿನ ತೋಟ ಮಾಡ್ಕೊಂಡಿರೋ ಮನುಷ್ಯ, ಆಗ 61 ವರ್ಷ, ಜ್ವರ ಬಂದ್ರೂ ಒಂದು ಮಾತ್ರೆ ನುಂಗಿ ತೋಟಕ್ಕೆ ಹೋಗೋರು. ಉಷ್ಣ ಆಗಿದೆ ಅಂತ ಅವರೇ ತೀರ್ಮಾನ ಮಾಡ್ಕೊಂಡ್ರು, ದೊಡ್ಡಮ್ಮ ಮಜ್ಜಿಗೆ, ಮೆಂತ್ಯ, ಎಳನೀರು ಅಂತ ಕೊಟ್ರು, ಆಮೇಲೆ ಮೆಡಿಕಲ್ ಸ್ಟೋರಿಂದ ಮುಲಾಮು ಬಂತು, ಆಮೇಲೆ ಒಂದು ಕ್ಲಿನಿಕ್ಕಲ್ಲಿ ಮೂಲವ್ಯಾಧಿ ಅಂತ ಹೇಳಿ ಮಾತ್ರೆ ಬರೆದ್ರು. ಹೀಗೇ ಎಂಟು ತಿಂಗಳು ಹೋಯ್ತು. ಅಷ್ಟೂ ದಿನದಲ್ಲಿ ಯಾರೂ ಒಂದ್ಸಲನೂ ಪರೀಕ್ಷೆ ಮಾಡಿ ನೋಡ್ಲಿಲ್ಲ, ಇವರೂ ನಾಚಿಕೆಗೆ ತೋರಿಸೋಕೆ ಒಪ್ಲಿಲ್ಲ. ಕೊನೆಗೆ ಮರದ ಬುಡದಲ್ಲೇ ಕೂತ್ಬಿಡೋಷ್ಟು ಸುಸ್ತಾಗಿ, ಹಿಮೋಗ್ಲೋಬಿನ್ 8ಕ್ಕೆ ಇಳಿದಾಗ ಒಬ್ಬ ಫಿಸಿಶಿಯನ್ ಚೀಟಿ ಬರೆದುಕೊಟ್ರು: ಕೊಲೊರೆಕ್ಟಲ್ ಸರ್ಜನ್‌ಗೆ ತೋರಿಸಿ.

ಆ ಚೀಟಿ ಫೋಟೋ ಫ್ಯಾಮಿಲಿ ಗ್ರೂಪಿಗೆ ಬಂದಾಗ ಯಾರಿಗೂ ಅರ್ಥ ಆಗ್ಲಿಲ್ಲ. ಗ್ಯಾಸ್ಟ್ರೋ ಡಾಕ್ಟರ್ ತಾನೆ ಅಂದ್ರು ಒಬ್ಬರು, ಅಲ್ಲ ಪೈಲ್ಸ್ ಲೇಸರ್ ಮಾಡೋರು ಅಂದ್ರು ಇನ್ನೊಬ್ಬರು, ಕ್ಯಾನ್ಸರ್ ಡಾಕ್ಟರ್ ಅಂತ ಕೇಳಿ ದೊಡ್ಡಮ್ಮ ಅಳೋಕೆ ಶುರು ಮಾಡಿದ್ರು. ಮೂರೂ ಅರ್ಧರ್ಧ ಸರಿ. ಆಮೇಲಿನ ಓಡಾಟದಲ್ಲಿ ಡಾಕ್ಟರ್‌ಗಳನ್ನ ಕೇಳಿ ಕೇಳಿ, ಓದಿ ನಾನು ತಿಳ್ಕೊಂಡಿದ್ದನ್ನ ಇಲ್ಲಿ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಇಂಥ ಚೀಟಿ ಯಾರ ಮನೆಗೆ ಬೇಕಾದ್ರೂ ಬರಬಹುದು.

ಮೊದಲು ಆ ಜಾಗ ಯಾವುದು ಅಂತ ನೋಡೋಣ

ನಾವು ತಿಂದಿದ್ದು ಹೊಟ್ಟೆ ದಾಟಿ ಸಣ್ಣಕರುಳಿಗೆ ಹೋಗುತ್ತೆ, ಅದು ಸುಮಾರು 6 ಮೀಟರ್ ಉದ್ದ, ಆಹಾರದ ಸತ್ವ ಎಲ್ಲ ಎಳ್ಕೊಳ್ಳೋದು ಅಲ್ಲಿ. ಅದಾದ್ಮೇಲೆ ಬರೋದು ದೊಡ್ಡಕರುಳು, ಸುಮಾರು ಒಂದೂವರೆ ಮೀಟರ್, ಇದಕ್ಕೇ ಕೊಲೊನ್ ಅನ್ನೋದು. ಇದರ ಮುಖ್ಯ ಕೆಲಸ ಅನ್ನ ಬಸಿದ ಹಾಗೆ ನೀರು ಬಸಿದು ತೆಗೆಯೋದು, ನೀರಿನ ತರ ಬಂದಿದ್ದು ಗಟ್ಟಿಯಾಗೋದು ಇಲ್ಲೇ. ಕೊಲೊನ್‌ನ ತುದಿಯಲ್ಲಿರೋ 12ರಿಂದ 15 ಸೆಂಟಿಮೀಟರ್ ಭಾಗ ಗುದನಾಳ, ಅಂದ್ರೆ ರೆಕ್ಟಮ್. ಅದರ ಕೆಳಗೆ ಮೂರ್ನಾಲ್ಕು ಸೆಂಟಿಮೀಟರಿನ ಗುದದ್ವಾರದ ಕಾಲುವೆ. ಕೊಲೊನ್ ಮತ್ತು ರೆಕ್ಟಮ್ ಎರಡೂ ಸೇರಿದ್ರೆ ಕೊಲೊರೆಕ್ಟಲ್.

ಆ ಕೊನೇ ಮೂರ್ನಾಲ್ಕು ಸೆಂಟಿಮೀಟರನ್ನ ನಾವು ಯೋಚನೆನೇ ಮಾಡಲ್ಲ, ಆದ್ರೆ ಅದು ಮಾಡೋ ಕೆಲಸ ನೋಡಿ. ಒಳಗೆ ಬಂದಿರೋದು ಗಾಳಿನಾ, ನೀರಾ, ಗಟ್ಟಿನಾ ಅಂತ ಅದಕ್ಕೆ ಗೊತ್ತಾಗುತ್ತೆ, ಗಾಳಿ ಮಾತ್ರ ಬಿಟ್ಟು ಉಳಿದಿದ್ದನ್ನ ತಡೆದು ಇಟ್ಕೊಳ್ಳುತ್ತೆ, ಬಸ್ಸಲ್ಲಿ ಇದ್ರೆ ಊರು ಬರೋವರೆಗೂ ಕಾಯುತ್ತೆ. ಇದನ್ನ ಮಾಡೋದು ಬಳೆ ತರ ಸುತ್ತ ಇರೋ ಎರಡು ಸ್ನಾಯುಗಳು, ಒಂದು ನಮ್ಮ ಹಿಡಿತದಲ್ಲಿ ಇಲ್ಲ, ತಾನಾಗೇ ಬಿಗಿಯಾಗಿರುತ್ತೆ, ಇನ್ನೊಂದು ನಾವು ಬೇಕು ಅಂದಾಗ ಬಿಗಿ ಹಿಡಿಯೋದು. ಈ ಸ್ನಾಯು ಒಂದ್ಸಲ ಕತ್ತರಿಸಿ ಹೋದ್ರೆ ಮೊದಲಿನ ಹಾಗೆ ಮಾಡೋದು ಬಹಳ ಕಷ್ಟ. ಈ ಡಾಕ್ಟರ್‌ಗಳ ಅರ್ಧ ತರಬೇತಿ ಇದನ್ನ ಉಳಿಸೋದರ ಬಗ್ಗೆನೇ.

ಗ್ಯಾಸ್ಟ್ರೋ ಡಾಕ್ಟರ್‌ಗೂ ಇವರಿಗೂ ಏನು ವ್ಯತ್ಯಾಸ

ಗ್ಯಾಸ್ಟ್ರೋಎಂಟರಾಲಜಿಸ್ಟ್ ಅಂದ್ರೆ ಔಷಧಿ ಕೊಡೋ, ಎಂಡೋಸ್ಕೋಪಿ ಮಾಡೋ ಡಾಕ್ಟರ್. ಗ್ಯಾಸ್ಟ್ರಿಕ್, ಲಿವರ್, ಕರುಳಿನ ಉರಿಯೂತ ಎಲ್ಲ ನೋಡ್ತಾರೆ, ಹೊಟ್ಟೆ ಕುಯ್ದು ಆಪರೇಷನ್ ಮಾಡಲ್ಲ. ಸರ್ಜಿಕಲ್ ಗ್ಯಾಸ್ಟ್ರೋಎಂಟರಾಲಜಿಸ್ಟ್ ಅಂದ್ರೆ ಅನ್ನನಾಳದಿಂದ ಲಿವರ್, ಮೇದೋಜೀರಕ, ಕರುಳಿನವರೆಗೆ ಎಲ್ಲದರ ಆಪರೇಷನ್ ಮಾಡೋರು. ಕೊಲೊರೆಕ್ಟಲ್ ಸರ್ಜನ್ ಆ ದೊಡ್ಡ ಊರಲ್ಲಿ ಒಂದೇ ಬೀದಿ ಹಿಡ್ಕೊಂಡು ಕೂತೋರು, ಆ ಕೊನೇ ಒಂದೂವರೆ ಮೀಟರ್ ಬಿಟ್ಟು ಬೇರೆ ಕೆಲಸ ಹೆಚ್ಚು ಮಾಡಲ್ಲ. ಮೂಲವ್ಯಾಧಿಯಿಂದ ಹಿಡಿದು ಕ್ಯಾನ್ಸರ್‌ವರೆಗೆ ಆ ಬೀದಿಯಲ್ಲಿರೋ ಎಲ್ಲ ಮನೆನೂ ಅವರದ್ದೇ. ಹಾಗಾಗಿ ಪೈಲ್ಸ್ ಡಾಕ್ಟರಾ ಕ್ಯಾನ್ಸರ್ ಡಾಕ್ಟರಾ ಅಂದ್ರೆ ಎರಡೂ ಹೌದು.

ಹಾಗಂತ ಎಲ್ಲದಕ್ಕೂ ಇವರೇ ಬೇಕು ಅಂತ ಇಲ್ಲ. ಮಾಮೂಲಿ ಮೂಲವ್ಯಾಧಿ, ಫಿಶರ್ (ಗುದದ್ವಾರದ ಬಿರುಕು) ಎಲ್ಲ ತಾಲ್ಲೂಕು ಆಸ್ಪತ್ರೆಯ ಜನರಲ್ ಸರ್ಜನ್ ಚೆನ್ನಾಗೇ ನೋಡ್ತಾರೆ. ಗುದನಾಳದ ಕೆಳಗಿನ ಕ್ಯಾನ್ಸರ್, ಎರಡು ಮೂರು ಸಲ ಆಪರೇಷನ್ ಆಗಿಯೂ ಮತ್ತೆ ಬಂದಿರೋ ಭಗಂದರ (ಫಿಸ್ತುಲಾ), ಔಷಧಿಗೆ ಬಗ್ಗದ ಅಲ್ಸರೇಟಿವ್ ಕೊಲೈಟಿಸ್ ಅನ್ನೋ ದೊಡ್ಡಕರುಳಿನ ಉರಿಯೂತ, ಇಂಥದ್ದರಲ್ಲಿ ವ್ಯತ್ಯಾಸ ಜಾಸ್ತಿ ಕಾಣುತ್ತೆ.

ಎಷ್ಟು ವರ್ಷ ಓದ್ಬೇಕು

ನೀಟ್ ಬರೆದು ಎಂಬಿಬಿಎಸ್ ನಾಲ್ಕೂವರೆ ವರ್ಷ, ಇಂಟರ್ನ್‌ಶಿಪ್ ಒಂದು ವರ್ಷ. ಮತ್ತೆ ನೀಟ್ ಪಿಜಿ ಬರೆದು ಎಂಎಸ್ ಜನರಲ್ ಸರ್ಜರಿ 3 ವರ್ಷ. ಇಲ್ಲಿಗೆ ಎಂಟೂವರೆ ವರ್ಷ, ಈಗ ಅವರು ಸರ್ಜನ್. ಮತ್ತೆ ನೀಟ್ ಎಸ್‌ಎಸ್ ಅಂತ ಮೂರನೇ ಪರೀಕ್ಷೆ, ಅದರಲ್ಲಿ ಸೀಟ್ ಸಿಕ್ಕಿದ್ರೆ ಎಂಸಿಎಚ್ ಅನ್ನೋ ಸೂಪರ್ ಸ್ಪೆಷಾಲಿಟಿ ಡಿಗ್ರಿ 3 ವರ್ಷ, ಸರ್ಜಿಕಲ್ ಗ್ಯಾಸ್ಟ್ರೋ ಅಥವಾ ಸರ್ಜಿಕಲ್ ಆಂಕಾಲಜಿಯಲ್ಲಿ (ಕ್ಯಾನ್ಸರ್ ಸರ್ಜರಿ). ಒಟ್ಟು ಹನ್ನೊಂದೂವರೆ ವರ್ಷ, ಮಧ್ಯೆ ಪರೀಕ್ಷೆಗೆ ಕೂತ ವರ್ಷಗಳನ್ನ ಲೆಕ್ಕ ಹಿಡೀದೆ. ಅದಾದ್ಮೇಲೆ ಕೊಲೊರೆಕ್ಟಲ್‌ಗೇ ಅಂತ ಫೆಲೋಶಿಪ್ ಮಾಡ್ತಾರೆ, ಇಲ್ಲೇ ದೊಡ್ಡ ಆಸ್ಪತ್ರೆಗಳಲ್ಲೋ, ಇಂಗ್ಲೆಂಡ್, ಜಪಾನ್, ಕೊರಿಯಾದಂಥ ಕಡೆಗೋ ಹೋಗಿ. ಕೆಲವರು ಎಂಎಸ್ ಆದ್ಮೇಲೆ ಎಂಸಿಎಚ್ ಇಲ್ಲದೇನೇ ನೇರ ಫೆಲೋಶಿಪ್ ಮಾಡಿ ವರ್ಷಗಟ್ಟಲೆ ಇದೇ ಕೆಲಸ ಮಾಡಿ ಪಳಗಿರ್ತಾರೆ. ಅಮೆರಿಕಾದಲ್ಲಿ ದಾರಿ ಇನ್ನೂ ನೇರ, ಜನರಲ್ ಸರ್ಜರಿ 5 ವರ್ಷ, ಮೇಲೆ ಕೊಲೊರೆಕ್ಟಲ್‌ಗೇ ಒಂದು ವರ್ಷ, ಅದಕ್ಕೇ ಬೇರೆ ಬೋರ್ಡ್ ಪರೀಕ್ಷೆ. ನಮ್ಮಲ್ಲಿ ಹೀಗೆ ಒಂದೇ ದಾರಿ ಇಲ್ಲದೇ ಇರೋದ್ರಿಂದ, ಬೋರ್ಡ್ ಮೇಲೆ ಕೊಲೊರೆಕ್ಟಲ್ ಅಂತ ಬರೆದಿರೋದಷ್ಟೇ ನೋಡಿದ್ರೆ ಸಾಲಲ್ಲ, ಏನು ಓದಿದಾರೆ, ವರ್ಷಕ್ಕೆ ಎಷ್ಟು ಇಂಥ ಕೇಸ್ ಮಾಡ್ತಾರೆ ಅಂತ ಕೇಳ್ಬೇಕು.

ಓದು ಒಂದು ಕಡೆ, ಕೈ ಪಳಗೋದು ಇನ್ನೊಂದು ಕಡೆ. ಮೊದಲು ಬರೀ ಕ್ಯಾಮೆರಾ ಹಿಡ್ಕೊಂಡು ನಿಲ್ಲೋದು, ಆಮೇಲೆ ಹೊಟ್ಟೆ ಮುಚ್ಚಿ ಹೊಲಿಗೆ ಹಾಕೋದು, ಆಮೇಲೆ ಕರುಳನ್ನ ಅಕ್ಕಪಕ್ಕದಿಂದ ಬಿಡಿಸೋದು, ಆಮೇಲೆ ಕತ್ತರಿಸಿದ ಕರುಳಿನ ಎರಡು ತುದಿ ಜಾಯಿಂಟ್ ಮಾಡೋದು, ಕೊನೆಗೆ ಸೊಂಟದ ಗುಳಿಯೊಳಗಿನ ಕೆಲಸ. ಪ್ರತಿ ಹಂತದಲ್ಲೂ ಸೀನಿಯರ್ ಎದುರಿಗೇ ನಿಂತಿರ್ತಾರೆ. ಇದರ ಜೊತೆ ಕೊಲೊನೊಸ್ಕೋಪಿ, ಅಂದ್ರೆ ದೊಡ್ಡಕರುಳಿನೊಳಗೆ ಕ್ಯಾಮೆರಾ ಹಾಕಿ ನೋಡೋದು ಕಲೀಬೇಕು, ಎಂಆರ್‌ಐ ಫಿಲಂ ಓದೋಕೆ ಕಲೀಬೇಕು, ಮತ್ತೆ ನಾನು ಅಂದ್ಕೊಂಡೇ ಇರದ ಒಂದು ವಿಷಯ, ನಾಚಿಕೆಯಿಂದ ಮುದುಡಿ ಕೂತಿರೋ ಮನುಷ್ಯನ ಬಾಯಿಂದ ವಿಷಯ ಹೊರಡಿಸೋಕೆ ಕಲೀಬೇಕು.

ಈ ಒಂದು ಜಾಗಕ್ಕೇ ಡಾಕ್ಟರ್ ಅನ್ನೋದು ಹಳೇ ವಿಷಯ

ಸುಶ್ರುತ ಸಂಹಿತೆಯಲ್ಲೇ ಅರ್ಶಸ್ ಅಂದ್ರೆ ಮೂಲವ್ಯಾಧಿ ಮತ್ತು ಭಗಂದರದ ಬಗ್ಗೆ ಬೇರೆ ಬೇರೆ ಅಧ್ಯಾಯಗಳಿವೆ, ಔಷಧಿ, ಕ್ಷಾರ, ಬೆಂಕಿ, ಶಸ್ತ್ರ ಅಂತ ನಾಲ್ಕು ತರದ ಚಿಕಿತ್ಸೆ ಹೇಳಿದೆ. ಈಗಿನ ಕಾಲದ ಕಥೆ ಶುರುವಾಗೋದು ಲಂಡನ್ನಲ್ಲಿ. ಫ್ರೆಡೆರಿಕ್ ಸಾಲ್ಮನ್ ಅನ್ನೋ ಸರ್ಜನ್ 1835ರಲ್ಲಿ ಬಡವರಿಗೋಸ್ಕರ ಏಳೇ ಹಾಸಿಗೆಯ ಒಂದು ಆಸ್ಪತ್ರೆ ತೆಗೆದ್ರು, ಭಗಂದರ ಮತ್ತು ಗುದನಾಳದ ಕಾಯಿಲೆಗೆ ಮಾತ್ರ. ಅದೇ ಆಮೇಲೆ ಸೇಂಟ್ ಮಾರ್ಕ್ಸ್ ಆಸ್ಪತ್ರೆ ಆಯ್ತು, ಪ್ರಪಂಚದ ಎಷ್ಟೋ ಕೊಲೊರೆಕ್ಟಲ್ ಸರ್ಜನ್‌ಗಳು ಈಗಲೂ ಅಲ್ಲಿ ಹೋಗಿ ಕಲಿತು ಬರ್ತಾರೆ. ಕಾದಂಬರಿಕಾರ ಚಾರ್ಲ್ಸ್ ಡಿಕನ್ಸ್‌ಗೂ 1841ರಲ್ಲಿ ಇದೇ ಸಾಲ್ಮನ್ ಭಗಂದರದ ಆಪರೇಷನ್ ಮಾಡಿದ್ರು, ಅರಿವಳಿಕೆ ಬಳಕೆಗೆ ಬರೋಕೆ ಇನ್ನೂ ಐದು ವರ್ಷ ಇತ್ತು, ಅಂದ್ರೆ ಪೂರ್ತಿ ಎಚ್ಚರದಲ್ಲಿ.

ಮೊದಲನೇ ಸಲ ಹೋದಾಗ ಏನು ಮಾಡ್ತಾರೆ

ಜನ ಹೋಗದೇ ಇರೋದೇ ಈ ಭಯಕ್ಕೆ, ಹಾಗಾಗಿ ವಿವರವಾಗಿ ಹೇಳ್ತೀನಿ.

ಮೊದಲು ಪ್ರಶ್ನೆಗಳು. ರಕ್ತ ಯಾವ ಬಣ್ಣ, ಮಲದ ಜೊತೆ ಬೆರೆತು ಬರುತ್ತಾ ಇಲ್ಲ ಆದ್ಮೇಲೆ ತೊಟ್ಟಿಕ್ಕುತ್ತಾ, ನೋವಿದೆಯಾ, ಹೋಗಿ ಬಂದ್ಮೇಲೂ ಇನ್ನೂ ಇದೆ ಅನ್ಸುತ್ತಾ, ಮೊದಲು ದಿನಕ್ಕೊಂದ್ಸಲ ಹೋಗ್ತಿದ್ದೋರು ಈಗ ನಾಲ್ಕು ಸಲ ಹೋಗ್ತಿದೀರಾ, ತೂಕ ಇಳಿದಿದೆಯಾ, ಮನೆಯಲ್ಲಿ ಯಾರಿಗಾದ್ರೂ ಕರುಳಿನ ಕ್ಯಾನ್ಸರ್ ಇತ್ತಾ. ದೊಡ್ಡಪ್ಪ ಮೊದಲ ಹತ್ತು ನಿಮಿಷ ಹೂಂ ಉಹೂಂ ಅಂತಷ್ಟೇ ಅಂದ್ರು. ಡಾಕ್ಟರ್ ಆತುರ ಮಾಡ್ಲಿಲ್ಲ, "ಯಜಮಾನ್ರೇ, ನಾನು ದಿನಾ ಬೆಳಗ್ಗಿಂದ ಸಂಜೆವರೆಗೂ ಇದನ್ನೇ ಕೇಳೋದು, ನೀವು ತೆಂಗಿನಕಾಯಿ ರೇಟ್ ಮಾತಾಡಿದ ಹಾಗೆ ನನಗೆ ಇದು" ಅಂದ್ರು, ಅಲ್ಲಿಂದ ಮಾತು ಬಂತು, ರಕ್ತದ ಜೊತೆ ಲೋಳೆ ಬರೋದು, ರಾತ್ರಿ ಎರಡು ಸಲ ಎದ್ದು ಹೋಗೋದು, ದೊಡ್ಡಮ್ಮಂಗೂ ಹೇಳಿರದ ವಿಷಯ ಎಲ್ಲ.

ಆಮೇಲೆ ಪರೀಕ್ಷೆ. ಪರದೆ ಎಳೆದು ಎಡಮಗ್ಗುಲಿಗೆ ಮಲಗಿಸಿ, ಮಂಡಿ ಎದೆ ಕಡೆ ಮಡಚಿ, ಬೇಕಾದಷ್ಟು ಮಾತ್ರ ಬಟ್ಟೆ ಸರಿಸಿ, ಏನು ಮಾಡ್ತಿದೀನಿ ಅಂತ ಹೇಳ್ತಾ ಗ್ಲೌಸ್ ಹಾಕಿದ ಬೆರಳಿಗೆ ಜೆಲ್ ಹಚ್ಚಿ ಒಳಗೆ ನೋಡ್ತಾರೆ, ಒಂದು ನಿಮಿಷದ ಕೆಲಸ. ಹೆಣ್ಣುಮಕ್ಕಳನ್ನ ಪರೀಕ್ಷೆ ಮಾಡುವಾಗ ಜೊತೆಗೆ ನರ್ಸ್ ಇರಬೇಕು, ಇಲ್ಲ ಅಂದ್ರೆ ಕೇಳಿ ಕರೆಸ್ಕೊಳ್ಳೋ ಹಕ್ಕು ನಿಮಗಿದೆ. ಅದಾದ್ಮೇಲೆ ಪ್ರೊಕ್ಟೋಸ್ಕೋಪ್ ಅಂತ ಬೆರಳುದ್ದದ ಕೊಳವೆ ಹಾಕಿ ಬೆಳಕು ಬಿಟ್ಟು ನೋಡ್ತಾರೆ. ಫಿಶರ್ ಇದ್ದು ತುಂಬ ನೋವಿದ್ರೆ ಒಳ್ಳೆ ಡಾಕ್ಟರ್ ಅವತ್ತು ಬೆರಳು ಹಾಕೋದೇ ಇಲ್ಲ, ನೋವು ಇಳಿಸಿ ಆಮೇಲೆ ಕರೀತಾರೆ.

ಗುದನಾಳದ ಕೆಳಭಾಗದ ಗಡ್ಡೆ ಬೆರಳಿಗೇ ಸಿಗುತ್ತೆ. ದೊಡ್ಡಪ್ಪನ ಗಡ್ಡೆ ಗುದದ್ವಾರದಿಂದ 5 ಸೆಂಟಿಮೀಟರ್ ಮೇಲಿತ್ತು. ಎಂಟು ತಿಂಗಳ ಮಾತ್ರೆ ಮುಲಾಮಿಗೆ ಸಿಗದೇ ಇದ್ದದ್ದು ಒಂದು ನಿಮಿಷದ ಪರೀಕ್ಷೆಗೆ ಸಿಕ್ತು. ಇದನ್ನ ಬರೀವಾಗ ಈಗಲೂ ಹೊಟ್ಟೆ ಉರಿಯುತ್ತೆ.

ಮುಂದಿನದು ಕೊಲೊನೊಸ್ಕೋಪಿ, ತುದಿಯಲ್ಲಿ ಕ್ಯಾಮೆರಾ ಇರೋ ಬಗ್ಗೋ ಕೊಳವೆಯಲ್ಲಿ ಪೂರ್ತಿ ದೊಡ್ಡಕರುಳು ನೋಡೋದು. ಅದರ ಹಿಂದಿನ ದಿನ ಕುಡಿಯೋ ಔಷಧಿ ನೀರೇ ದೊಡ್ಡ ಕಷ್ಟ, ಪರೀಕ್ಷೆ ಹೊತ್ತಿಗೆ ನಿದ್ದೆ ಬರಿಸೋ ಇಂಜೆಕ್ಷನ್ ಕೊಡ್ತಾರೆ. ಒಳಗೆ ನರಹುಲಿ ತರ ಬೆಳೆದಿರೋ ಪಾಲಿಪ್ ಕಂಡ್ರೆ ಆಗಲೇ ತಂತಿಯ ಕುಣಿಕೆ ಹಾಕಿ ತೆಗೆದುಬಿಡ್ತಾರೆ. ದೊಡ್ಡಕರುಳಿನ ಹೆಚ್ಚಿನ ಕ್ಯಾನ್ಸರ್ ಶುರುವಾಗೋದು ಪಾಲಿಪ್ ಆಗಿ, ಅದು ಕ್ಯಾನ್ಸರ್ ಆಗೋಕೆ ಸಾಮಾನ್ಯವಾಗಿ 10 ವರ್ಷದ ಆಸುಪಾಸು ಹಿಡಿಯುತ್ತೆ. ಅಂದ್ರೆ ಇದು ಕ್ಯಾನ್ಸರ್ ಹುಡುಕೋ ಪರೀಕ್ಷೆ ಅಷ್ಟೇ ಅಲ್ಲ, ಬರದ ಹಾಗೆ ತಡೆಯೋ ಪರೀಕ್ಷೆ ಕೂಡ.

ಮೂಲವ್ಯಾಧಿ, ಫಿಶರ್, ಭಗಂದರ: ಮೂರೂ ಒಂದೇ ಅಲ್ಲ

ಬಸ್‌ಸ್ಟ್ಯಾಂಡ್ ಗೋಡೆ ಮೇಲೆ ಅಂಟಿಸಿರೋ ಪೋಸ್ಟರಲ್ಲಿ ಮೂರೂ ಒಟ್ಟಿಗೇ ಇರುತ್ತೆ, ಅದಕ್ಕೇ ಎಲ್ಲರೂ ಒಂದೇ ಅನ್ಕೋತಾರೆ.

ಗುದದ್ವಾರದೊಳಗೆ ರಕ್ತನಾಳ ತುಂಬಿರೋ ಮೆತ್ತನೆ ಗಾದಿಗಳು ಎಲ್ಲರಿಗೂ ಹುಟ್ಟಿನಿಂದ ಇರುತ್ತೆ. ನಲ್ಲಿಗೆ ವಾಷರ್ ಹೇಗೋ ಹಾಗೆ, ಸೋರದ ಹಾಗೆ ಮುಚ್ಚಿ ಹಿಡಿಯೋಕೆ. ಮುಕ್ಕಿ ಮುಕ್ಕಿ ಇವು ಊದಿ ಕೆಳಗೆ ಜಾರಿದಾಗ ಮೂಲವ್ಯಾಧಿ. ಸಾಮಾನ್ಯವಾಗಿ ನೋವಿಲ್ಲದೆ ಕೆಂಪು ರಕ್ತ ಬರುತ್ತೆ. ಇದರಲ್ಲಿ ನಾಲ್ಕು ಹಂತ, ಮೊದಲೆರಡು ಹಂತಕ್ಕೆ ಹೆಚ್ಚಿನವರಿಗೆ ನಾರಿನ ಊಟ, ನೀರು, ಟಾಯ್ಲೆಟ್ಟಲ್ಲಿ ಮೊಬೈಲ್ ಹಿಡ್ಕೊಂಡು ಕೂರೋದು ಬಿಡೋದು, ತೀರ ಬೇಕಾದ್ರೆ ಊದಿದ ಗಾದಿಯ ಬುಡಕ್ಕೆ ರಬ್ಬರ್ ಬ್ಯಾಂಡ್ ಹಾಕೋದು, ಇಷ್ಟರಲ್ಲೇ ಮುಗಿಯುತ್ತೆ. ಮೂಲವ್ಯಾಧಿ ಕ್ಯಾನ್ಸರ್ ಆಗಿ ಬದಲಾಗಲ್ಲ. ಅಪಾಯ ಏನಂದ್ರೆ ಎರಡೂ ಒಂದೇ ತರ ರಕ್ತ ತೋರಿಸುತ್ತೆ, ಒಬ್ಬರಿಗೇ ಎರಡೂ ಇರಬಹುದು, ಮೂಲವ್ಯಾಧಿ ಕಂಡ ತಕ್ಷಣ ಹುಡುಕೋದು ನಿಲ್ಲಿಸಿಬಿಡ್ತೀವಿ.

ಫಿಶರ್ ಅಂದ್ರೆ ಗುದದ್ವಾರದ ಚರ್ಮದಲ್ಲಿ ಬಿರುಕು, ಚಳಿಗಾಲದಲ್ಲಿ ತುಟಿ ಒಡೆದ ಹಾಗೆ. ಗಾಜಿನ ಚೂರು ಹೋದಂಗೆ ನೋವು, ಹೋಗಿ ಬಂದ್ಮೇಲೂ ಗಂಟೆಗಟ್ಟಲೆ. ಹೊಸದಾಗಿದ್ರೆ ಬಿಸಿನೀರಿನ ಟಬ್ಬಲ್ಲಿ ಕೂರೋದು, ಮಲ ಮೆತ್ತಗೆ ಮಾಡೋ ಔಷಧಿ, ಸ್ನಾಯು ಸಡಿಲ ಮಾಡೋ ಮುಲಾಮು, ಇದರಲ್ಲೇ ಹೆಚ್ಚಿನದು ವಾಸಿಯಾಗುತ್ತೆ.

ಭಗಂದರ, ಅಂದ್ರೆ ಫಿಸ್ತುಲಾ, ಇದೇ ಕಷ್ಟದ್ದು. ಒಳಗಿನ ಸಣ್ಣ ಗ್ರಂಥಿ ಕೀವಾಗಿ, ಆ ಕೀವು ದಾರಿ ಕೊರ್ಕೊಂಡು ಹೊರಗಡೆ ಚರ್ಮದಲ್ಲಿ ಬಾಯಿ ತೆಗೆಯುತ್ತೆ. ಹೆಗ್ಗಣದ ಬಿಲದ ಹಾಗೆ ಎರಡು ಬಾಯಿ, ಹೊರಗಿನ ಬಾಯಿ ಮುಚ್ಚಿದ್ರೆ ಏನೂ ಪ್ರಯೋಜನ ಇಲ್ಲ, ಇನ್ನೊಂದು ಕಡೆ ತೆಗೆಯುತ್ತೆ. ಬಿಲ ಪೂರ್ತಿ ಅಗೆದು ಬಿಡಿಸಿದ್ರೆ ಹೋಗುತ್ತೆ, ಆದ್ರೆ ಆ ಬಿಲ ಹಾದುಹೋಗೋದು ನಾನು ಆಗ ಹೇಳಿದ ಸ್ನಾಯುವಿನ ಮಧ್ಯದಿಂದ. ಜಾಸ್ತಿ ಕುಯ್ದ್ರೆ ಮಲದ ಹಿಡಿತ ಹೋಗುತ್ತೆ, ಕಡಿಮೆ ಕುಯ್ದ್ರೆ ಮತ್ತೆ ಬರುತ್ತೆ. ಅದಕ್ಕೇ ಮೊದಲು ಎಂಆರ್‌ಐ ಮಾಡಿಸಿ ದಾರಿಯ ನಕ್ಷೆ ಹಾಕ್ಕೊಂಡು, ಸ್ನಾಯು ಉಳಿಸೋ ವಿಧಾನ ಯಾವುದು ಹೊಂದುತ್ತೆ ಅಂತ ನೋಡ್ತಾರೆ. ಆಯುರ್ವೇದದ ಕ್ಷಾರಸೂತ್ರನೂ ಇಲ್ಲಿ ಬರುತ್ತೆ, ಔಷಧಿ ಲೇಪಿಸಿದ ದಾರ ಆ ದಾರಿಯಲ್ಲಿ ಹಾಕಿ ನಿಧಾನವಾಗಿ ಕತ್ತರಿಸ್ಕೊಂಡು ವಾಸಿಯಾಗೋ ಹಾಗೆ ಮಾಡೋದು. ಐಸಿಎಂಆರ್, ಅಂದ್ರೆ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ನಡೆಸಿ 1991ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನ ಆಪರೇಷನ್ ಜೊತೆ ಹೋಲಿಸಿದ್ರು, ದಾರದಲ್ಲಿ ವಾಸಿಯಾಗೋಕೆ 8 ವಾರ, ಆಪರೇಷನ್‌ನಲ್ಲಿ 4 ವಾರ, ಆದ್ರೆ ಮತ್ತೆ ಬಂದಿದ್ದು ದಾರದಲ್ಲಿ 4 ಪರ್ಸೆಂಟ್, ಆಪರೇಷನ್‌ನಲ್ಲಿ 11 ಪರ್ಸೆಂಟ್. ಅದಕ್ಕೂ ತರಬೇತಿ ಆದವರು ಬೇಕು, ಪೋಸ್ಟರ್ ನೋಡಿ ಹೋಗಿ ಯಾರ್ಯಾರ ಕೈಲೋ ಏನೇನೋ ಇಂಜೆಕ್ಷನ್ ಹಾಕಿಸ್ಕೊಂಡು ಸುಟ್ಟುಹೋದ ಸ್ಥಿತಿಯಲ್ಲಿ ಬರೋರನ್ನ ಆಸ್ಪತ್ರೆಯಲ್ಲಿ ನಾನೇ ಕಂಡಿದೀನಿ.

ನಮ್ಮ ದೇಶದಲ್ಲಿ ಇನ್ನೊಂದು ತೊಡಕು ಕರುಳಿನ ಟಿಬಿ. ಕ್ರೋನ್ಸ್ ಅನ್ನೋ ಉರಿಯೂತದ ಕಾಯಿಲೆ ಮತ್ತು ಟಿಬಿ ಕ್ಯಾಮೆರಾದಲ್ಲಿ ನೋಡೋಕೆ ಹೆಚ್ಚುಕಡಿಮೆ ಒಂದೇ ತರ, ಆದ್ರೆ ಔಷಧಿ ಪೂರ್ತಿ ಉಲ್ಟಾ, ಕ್ರೋನ್ಸ್‌ಗೆ ಕೊಡೋ ಸ್ಟಿರಾಯ್ಡ್ ಟಿಬಿಯನ್ನ ಕೆರಳಿಸುತ್ತೆ. ಇದನ್ನ ಬಿಡಿಸಿ ನೋಡೋದು ಇಲ್ಲಿನ ಡಾಕ್ಟರ್‌ಗಳಿಗೆ ದಿನದ ಕೆಲಸ.

ಗುದನಾಳದ ಕ್ಯಾನ್ಸರ್ ಆಪರೇಷನ್ ಯಾಕೆ ಅಷ್ಟು ನಾಜೂಕು

ಸೊಂಟದ ಮೂಳೆ ಒಳಗೆ, ಕಿರುಬಾಯಿ ಬಿಂದಿಗೆಯ ತಳದಲ್ಲಿ ಕೈ ಹಾಕಿ ಕೆಲಸ ಮಾಡಿದ ಹಾಗೆ ಇದು, ಗಂಡಸರಲ್ಲಿ ಆ ಬಿಂದಿಗೆ ಇನ್ನೂ ಕಿರಿದು. ಮುಂದೆ ಮೂತ್ರಕೋಶ, ಪ್ರಾಸ್ಟೇಟ್ ಅಥವಾ ಗರ್ಭಕೋಶ, ಹಿಂದೆ ಬೆನ್ನುಮೂಳೆ ತುದಿ ಮತ್ತು ದೊಡ್ಡ ರಕ್ತನಾಳಗಳು, ಎರಡೂ ಬದಿಯಲ್ಲಿ ಮೂತ್ರಕ್ಕೂ ದಾಂಪತ್ಯಕ್ಕೂ ಬೇಕಾದ ನೂಲಿನಂಥ ನರಗಳು.

1908ರಲ್ಲಿ ಅರ್ನೆಸ್ಟ್ ಮೈಲ್ಸ್ ಅನ್ನೋ ಇಂಗ್ಲಿಷ್ ಸರ್ಜನ್ ಗುದನಾಳ, ಗುದದ್ವಾರ ಎರಡನ್ನೂ ತೆಗೆದು ಹೊಟ್ಟೆ ಮೇಲೆ ಶಾಶ್ವತವಾಗಿ ದಾರಿ ಮಾಡೋ ಆಪರೇಷನ್ ಬರೆದಿಟ್ರು, ಎಷ್ಟೋ ವರ್ಷ ಅದೇ ದಾರಿ ಆಗಿತ್ತು. ಅಷ್ಟು ತೆಗೆದ್ರೂ ಎಷ್ಟೋ ಜನಕ್ಕೆ ಅದೇ ಜಾಗದಲ್ಲಿ ಕ್ಯಾನ್ಸರ್ ಮತ್ತೆ ಬರ್ತಿತ್ತು. ಯಾಕೆ ಅಂತ ತೋರಿಸಿದ್ದು ಇಂಗ್ಲೆಂಡಿನ ಬೇಸಿಂಗ್‌ಸ್ಟೋಕ್ ಅನ್ನೋ ಊರಿನ ಬಿಲ್ ಹೀಲ್ಡ್, 1982ರಲ್ಲಿ. ಗುದನಾಳದ ಸುತ್ತ ಕೊಬ್ಬಿನ ಒಂದು ಹೊದಿಕೆ ಇರುತ್ತೆ, ಕ್ಯಾನ್ಸರ್ ಕಣ ಮೊದಲು ಹರಡೋದು ಅದರೊಳಗೆ. ಕೊಟ್ಟೆಕಡುಬನ್ನ ಹಲಸಿನೆಲೆ ಹರೀದೆ ಹಬೆಪಾತ್ರೆಯಿಂದ ತೆಗೀತೀವಲ್ಲ, ಹಾಗೆ ಆ ಹೊದಿಕೆ ಒಂದು ಕಡೆಯೂ ಹರೀದೆ ಇಡೀ ಹೊರಗೆ ತರಬೇಕು ಅನ್ನೋದು ಅವರು ಹೇಳಿದ್ದು. ಎಲೆ ಹರಿದ್ರೆ ಒಳಗಿಂದು ಅಲ್ಲೇ ಉಳಿಯುತ್ತೆ. ಆ ಹೊದಿಕೆಗೂ ಸುತ್ತಲಿನ ಅಂಗಗಳಿಗೂ ಮಧ್ಯೆ ಜೇಡರ ಬಲೆ ತರದ ತೆಳು ಪದರ ಇದೆ, ಅದರಲ್ಲೇ ಹೋದ್ರೆ ರಕ್ತ ಬರಲ್ಲ, ನರಕ್ಕೂ ಪೆಟ್ಟಾಗಲ್ಲ. ಈ ವಿಧಾನ ಹಬ್ಬಿದ ಮೇಲೆ ಅದೇ ಜಾಗದಲ್ಲಿ ಮತ್ತೆ ಬರೋದು 10 ಪರ್ಸೆಂಟಿಗಿಂತ ಕೆಳಗೆ ಇಳೀತು. ಹೊಸ ಔಷಧಿ ಅಲ್ಲ, ಹೊಸ ಮಿಷಿನ್ ಅಲ್ಲ, ಕೈ ಯಾವ ಪದರದಲ್ಲಿ ಹೋಗ್ಬೇಕು ಅನ್ನೋ ತಿಳುವಳಿಕೆ ಅಷ್ಟೇ, ಇಷ್ಟು ಜನರನ್ನ ಉಳಿಸ್ತು. ನನಗೆ ಈ ಇಡೀ ವಿಷಯದಲ್ಲಿ ಮನಸ್ಸಿಗೆ ನಾಟಿದ್ದು ಇದೇ.

ತೆಗೆದ ಮೇಲೆ ಎರಡು ತುದಿ ಕೂಡಿಸ್ಬೇಕು. ಮಾವಿನ ಗಿಡಕ್ಕೆ ಕಸಿ ಕಟ್ಟೋರಿಗೆ ಇದು ಬೇಗ ಅರ್ಥ ಆಗುತ್ತೆ: ಎರಡೂ ತುದಿಗೆ ಜೀವ ಇರಬೇಕು ಅಂದ್ರೆ ರಕ್ತ ಹರೀತಿರಬೇಕು, ಎಳೆದು ಕಟ್ಟಬಾರದು, ಮಧ್ಯೆ ಏನೂ ಸೇರಬಾರದು. ಎಲ್ಲ ಸರಿ ಮಾಡಿದ್ರೂ ತೀರ ಕೆಳಗಿನ ಜಾಯಿಂಟ್ ಕೆಲವು ಸಲ ಸೋರುತ್ತೆ, ನೂರರಲ್ಲಿ ಸುಮಾರು 5ರಿಂದ 15 ಜನಕ್ಕೆ. ಸೋರಿದ್ರೆ ಹೊಟ್ಟೆಯಲ್ಲಿ ಮಲ ಸೇರಿ ಪ್ರಾಣಕ್ಕೇ ಬರಬಹುದು. ಅದಕ್ಕೇ ಜಾಯಿಂಟ್ ವಾಸಿಯಾಗೋವರೆಗೂ ಸಣ್ಣಕರುಳಿನ ಒಂದು ಸುತ್ತನ್ನ ಹೊಟ್ಟೆ ಮೇಲೆ ತಂದು ಮಲ ಸೇರೋಕೆ ಬ್ಯಾಗ್ ಹಾಕ್ತಾರೆ, ರಸ್ತೆ ರಿಪೇರಿ ಆಗುವಾಗ ಬೇರೆ ದಾರಿಯಲ್ಲಿ ಗಾಡಿ ಬಿಟ್ಟ ಹಾಗೆ. ಎರಡು ಮೂರು ತಿಂಗಳಾದ್ಮೇಲೆ, ಕೀಮೋ ಇದ್ರೆ ಅದೂ ಮುಗಿದ್ಮೇಲೆ, ಇನ್ನೊಂದು ಚಿಕ್ಕ ಆಪರೇಷನ್ ಮಾಡಿ ಅದನ್ನ ಮುಚ್ತಾರೆ.

ಬ್ಯಾಗ್ ಬಗ್ಗೆ

ಕ್ಯಾನ್ಸರ್ ಅಂದಾಗ ದೊಡ್ಡಪ್ಪ ಅಳ್ಲಿಲ್ಲ, ಬ್ಯಾಗ್ ಅಂದಾಗ ಅತ್ರು. ದೇವಸ್ಥಾನಕ್ಕೆ ಹೋಗೋದು ಹೇಗೆ, ಮದುವೆ ಮನೇಲಿ ಪಂಕ್ತಿಯಲ್ಲಿ ಕೂರೋದು ಹೇಗೆ ಅಂತ. ಸರ್ಜನ್ ಅವತ್ತು ಬೇರೆ ಏನೂ ಮಾತಾಡದೆ ಸ್ಟೋಮಾ (ಹೊಟ್ಟೆ ಮೇಲೆ ಮಾಡೋ ಆ ದಾರಿ) ನೋಡ್ಕೊಳ್ಳೋ ನರ್ಸನ್ನ ಕರೆಸಿದ್ರು, ಆ ಸಿಸ್ಟರ್ ಖಾಲಿ ಬ್ಯಾಗ್ ತಂದು ಕೈಗೆ ಕೊಟ್ಟು, ವಾಸನೆ ಹೊರಗೆ ಬರಲ್ಲ, ಸ್ನಾನ ಮಾಡಬಹುದು, ತೋಟಕ್ಕೆ ಹೋಗಬಹುದು ಅಂತ ಒಂದೊಂದಾಗಿ ಹೇಳಿದ್ರು. ಆಪರೇಷನ್ ಹಿಂದಿನ ದಿನ ಪಂಚೆ ಉಡಿಸಿ ಕೂರಿಸಿ, ನಿಲ್ಲಿಸಿ, ಬಗ್ಗಿಸಿ, ಪಂಚೆ ಕಟ್ಟು ಎಲ್ಲಿ ಬರುತ್ತೆ, ಹೊಟ್ಟೆ ಮಡಿಕೆ ಎಲ್ಲಿ ಬೀಳುತ್ತೆ ನೋಡಿ ಪೆನ್ನಲ್ಲಿ ಗುರುತು ಹಾಕಿದ್ರು. ಹೆಂಗಸರಿಗಾದ್ರೆ ಸೀರೆಯ ನೆರಿಗೆ, ಲಂಗದ ಲಾಡಿ ಬರೋ ಜಾಗ ಬಿಟ್ಟು ಹಾಕ್ತಾರೆ. ಆ ಗುರುತು ಸರಿಯಿಲ್ಲದಿದ್ರೆ ಬ್ಯಾಗ್ ಅಂಟಲ್ಲ, ಚರ್ಮ ಸುಡುತ್ತೆ, ಮನುಷ್ಯ ಮನೆಯಿಂದ ಹೊರಗೇ ಬರಲ್ಲ. ಹೊರಗೆ ತಂದ ಕರುಳು ತುಟಿಯ ಒಳಭಾಗದ ಹಾಗೆ ಕೆಂಪಗೆ, ಒದ್ದೆಯಾಗಿರುತ್ತೆ, ಮುಟ್ಟಿದ್ರೆ ನೋವಾಗಲ್ಲ. ಸಣ್ಣಕರುಳಿನ ಬ್ಯಾಗ್ ಆದ್ರೆ ನೀರು ಜಾಸ್ತಿ ಹೋಗುತ್ತೆ, ಓಆರ್‌ಎಸ್ ಮನೇಲಿ ಇಟ್ಕೊಂಡಿರಬೇಕು.

ಆಪರೇಷನ್ ಬೇಡ ಅನ್ನೋದೂ ಸರ್ಜನ್ ಕೆಲಸ

ಒಳ್ಳೆ ಆಸ್ಪತ್ರೆಯಲ್ಲಿ ಸರ್ಜನ್ ಒಬ್ಬರೇ ನಿರ್ಧಾರ ಮಾಡಲ್ಲ. ಟ್ಯೂಮರ್ ಬೋರ್ಡ್ ಅಂತ ಸರ್ಜನ್, ರೇಡಿಯೇಷನ್ ಡಾಕ್ಟರ್, ಕೀಮೋ ಡಾಕ್ಟರ್, ಸ್ಕ್ಯಾನ್ ಓದೋರು, ಬಯಾಪ್ಸಿ ನೋಡೋರು ಎಲ್ಲ ಕೂತು ಮಾತಾಡ್ತಾರೆ. ಗುದನಾಳದ ಗಡ್ಡೆ ಸ್ವಲ್ಪ ಮುಂದುವರೆದಿದ್ರೆ ಮೊದಲೇ ರೇಡಿಯೇಷನ್ ಮತ್ತು ಕೀಮೋ ಕೊಟ್ಟು ಕರಗಿಸಿ ಆಮೇಲೆ ಆಪರೇಷನ್. ರೇಡಿಯೇಷನ್ ಐದು ದಿನದ್ದೂ ಇದೆ, ಐದಾರು ವಾರದ್ದೂ ಇದೆ.

ಕೆಲವರಿಗೆ ಇಷ್ಟರಲ್ಲೇ ಗಡ್ಡೆ ಪೂರ್ತಿ ಮಾಯ ಆಗುತ್ತೆ. ಹಾಗಾದ್ರೆ ಕುಯ್ಯೋದು ಯಾಕೆ ಅಂತ ಕೇಳಿದ್ದು ಬ್ರೆಜಿಲ್‌ನ ಸಾವೊ ಪೌಲೊದ ಸರ್ಜನ್ ಆಂಜೆಲಿಟಾ ಹಾಬರ್ ಗಾಮಾ. ಗಡ್ಡೆ ಪೂರ್ತಿ ಹೋದೋರಿಗೆ ಆಪರೇಷನ್ ಮಾಡದೆ ಬಿಗಿಯಾಗಿ ನಿಗಾ ಇಟ್ಟು ನೋಡಿದ ಫಲಿತಾಂಶನ 2004ರಲ್ಲಿ ಪ್ರಕಟಿಸಿದ್ರು. ಆಗ ತುಂಬ ಜನ ಒಪ್ಲಿಲ್ಲ, ಈಗ ಪ್ರಪಂಚದ ಎಲ್ಲ ಕಡೆ ಆಯ್ದ ರೋಗಿಗಳಿಗೆ ಇದನ್ನ ಮಾಡ್ತಾರೆ. ಷರತ್ತು ಏನಂದ್ರೆ ಮೊದಲ ಎರಡು ಮೂರು ವರ್ಷ ಕೆಲವೇ ತಿಂಗಳಿಗೊಮ್ಮೆ ಬಂದು ಕ್ಯಾಮೆರಾ, ಎಂಆರ್‌ಐ ತಪ್ಪದೆ ಮಾಡಿಸ್ಬೇಕು, ಮತ್ತೆ ಬೆಳೆದ್ರೆ ಆಗ ಆಪರೇಷನ್. 2022ರಲ್ಲಿ ನ್ಯೂಯಾರ್ಕಿಂದ ಇನ್ನೊಂದು ಸುದ್ದಿ ಬಂತು, ಒಂದು ವಿಶೇಷ ಜೀನ್ ದೋಷ ಇರೋ ಗುದನಾಳದ ಕ್ಯಾನ್ಸರ್‌ನ 12 ಜನಕ್ಕೆ ಡೋಸ್ಟಾರ್ಲಿಮಾಬ್ ಅನ್ನೋ ಇಮ್ಯುನೋಥೆರಪಿ (ದೇಹದ ರೋಗನಿರೋಧಕ ಶಕ್ತಿನೇ ಕ್ಯಾನ್ಸರ್ ಮೇಲೆ ಬಿಡೋ ಔಷಧಿ) ಮಾತ್ರ ಕೊಟ್ಟು ಹನ್ನೆರಡೂ ಜನರ ಗಡ್ಡೆ ಮಾಯವಾಯ್ತು ಅಂತ. ಅದು ವಾಟ್ಸಾಪಲ್ಲಿ ಕ್ಯಾನ್ಸರ್‌ಗೆ ಔಷಧಿ ಸಿಕ್ತು ಅಂತ ಹರಿದಾಡ್ತು, ನಿಜ ಏನಂದ್ರೆ ಆ ದೋಷ ಇರೋದು ಗುದನಾಳದ ಕ್ಯಾನ್ಸರ್‌ನಲ್ಲಿ 5ರಿಂದ 10 ಪರ್ಸೆಂಟ್ ಜನಕ್ಕೆ ಮಾತ್ರ. ಆದ್ರೂ ಬಯಾಪ್ಸಿಯಲ್ಲಿ ಆ ಟೆಸ್ಟ್ ಮಾಡಿಸಿದೀರಾ ಅಂತ ಕೇಳೋದು ಒಳ್ಳೇದು.

ದೊಡ್ಡಪ್ಪನ ಗಡ್ಡೆ ಚಿಕ್ಕದಾಯ್ತು, ಪೂರ್ತಿ ಹೋಗ್ಲಿಲ್ಲ. ಆಪರೇಷನ್ ಆಯ್ತು.

ರೋಬೋಟ್ ಬೇಕಾ?

ರೋಬೋಟ್ ತಾನಾಗೇ ಆಪರೇಷನ್ ಮಾಡಲ್ಲ, ಸರ್ಜನ್ ಪಕ್ಕದಲ್ಲಿ ಕೂತು ಅದರ ಕೈ ಆಡಿಸ್ತಾರೆ. ಕಿರಿದಾದ ಜಾಗದಲ್ಲಿ ಅದರ ಕೈ ಚೆನ್ನಾಗಿ ತಿರುಗುತ್ತೆ, ಕ್ಯಾಮೆರಾ ಅಲುಗಾಡಲ್ಲ, ಖರ್ಚು ಜಾಸ್ತಿ. ಲ್ಯಾಪ್ರೊಸ್ಕೋಪಿ (ಸಣ್ಣ ತೂತು ಮಾಡಿ ಕ್ಯಾಮೆರಾ ಹಾಕಿ ಮಾಡೋದು), ರೋಬೋಟ್, ಹೊಟ್ಟೆ ತೆರೆದು ಮಾಡೋದು, ಯಾವುದಾದ್ರೂ ಆ ಹೊದಿಕೆ ಹರೀದೆ ಬರಬೇಕು ಅಷ್ಟೇ. ರೋಬೋಟ್‌ಗೆ ಸಾಲ ಮಾಡೋ ಮುಂಚೆ ನಿಮ್ಮ ಕೇಸಲ್ಲಿ ಅದರಿಂದ ಏನು ವ್ಯತ್ಯಾಸ ಆಗುತ್ತೆ ಅಂತ ಸರ್ಜನ್‌ನ ನೇರವಾಗಿ ಕೇಳಿ.

ಆಪರೇಷನ್ ಆದ್ಮೇಲೆ

ಮೊದಲೆಲ್ಲ ಕರುಳಿನ ಆಪರೇಷನ್ ಅಂದ್ರೆ ದಿನಗಟ್ಟಲೆ ಉಪವಾಸ, ಮೂಗಲ್ಲಿ ನಳಿಗೆ, ಹಾಸಿಗೆ. ಡೆನ್ಮಾರ್ಕಿನ ಹೆನ್ರಿಕ್ ಕೆಲೆಟ್ ಅನ್ನೋ ಸರ್ಜನ್ 1990ರ ದಶಕದಲ್ಲಿ ಇದನ್ನ ಒಂದೊಂದಾಗಿ ಪ್ರಶ್ನೆ ಮಾಡಿ, ಇದರಲ್ಲಿ ಹೆಚ್ಚಿನದು ಬೇಕಾಗೇ ಇಲ್ಲ ಅಂತ ತೋರಿಸಿದ್ರು. ಈಗ ಮಾರನೇ ದಿನಾನೇ ಎಬ್ಬಿಸಿ ನಡೆಸ್ತಾರೆ, ಗಂಜಿ ಕೊಡ್ತಾರೆ. ದೊಡ್ಡಮ್ಮಂಗೆ ಮಾತ್ರ ಇದು ಒಪ್ಪಿಗೆ ಇರ್ಲಿಲ್ಲ, ಹಸಿ ಗಾಯದ ಮನುಷ್ಯನ್ನ ಹೀಗೆ ನಡೆಸ್ತಾರಲ್ಲ ಅಂತ. ನಡೆದ್ರೆ ಕರುಳು ಬೇಗ ಎಚ್ಚರ ಆಗುತ್ತೆ, ಕಾಲಲ್ಲಿ ರಕ್ತ ಹೆಪ್ಪುಗಟ್ಟಲ್ಲ, ಕಫ ಕಟ್ಟಲ್ಲ ಅಂತ ನರ್ಸ್ ಕೂತು ಹೇಳಿದ್ಮೇಲೆ ಅವರೇ ಕೈ ಹಿಡಿದು ನಡೆಸಿದ್ರು.

ಇನ್ನೊಂದು ವಿಷಯ ಮೊದಲೇ ಹೇಳಿರಬೇಕು. ಗುದನಾಳ ಅಂದ್ರೆ ಒಂದು ತೊಟ್ಟಿ, ಅದನ್ನ ತೆಗೆದ್ಮೇಲೆ ಇಟ್ಕೊಳ್ಳೋ ಜಾಗ ಇರಲ್ಲ. ಬ್ಯಾಗ್ ತೆಗೆದ ಮೇಲೆ ದಿನಕ್ಕೆ ಆರು ಎಂಟು ಸಲ, ಬಂತು ಅಂದ್ರೆ ತಡೆಯೋಕಾಗದ ಅರ್ಜೆಂಟು, ಒಂದು ವರ್ಷದವರೆಗೂ ಹೀಗೆ ಇರಬಹುದು, ಕೆಲವರಿಗೆ ಪೂರ್ತಿ ಹೋಗೋದೇ ಇಲ್ಲ. ಊಟ ಬದಲಾಯಿಸೋದು, ಮಾತ್ರೆ, ಕೆಳಗಿನ ಸ್ನಾಯುವಿನ ವ್ಯಾಯಾಮ ಇದಕ್ಕೆ ದಾರಿ. ಇದು ತಪ್ಪಾಗಿ ಆಪರೇಷನ್ ಮಾಡಿದ್ದಕ್ಕೆ ಬಂದಿದ್ದಲ್ಲ, ಆದ್ರೆ ಮೊದಲೇ ಹೇಳದೇ ಇದ್ರೆ ಹಾಗೇ ಅನ್ಸುತ್ತೆ. ಐದು ವರ್ಷದವರೆಗೂ ಸಿಇಎ ಅನ್ನೋ ರಕ್ತ ಪರೀಕ್ಷೆ, ಸಿಟಿ ಸ್ಕ್ಯಾನ್, ಆಪರೇಷನ್ ಆಗಿ ಒಂದು ವರ್ಷ ಆದಾಗ ಕೊಲೊನೊಸ್ಕೋಪಿ ಅಂತ ಫಾಲೋಅಪ್ ಇರುತ್ತೆ.

ಯಾವಾಗ ಹೋಗ್ಬೇಕು, ಏನು ಕೇಳ್ಬೇಕು, ದುಡ್ಡು ಹೇಗೆ

40 ದಾಟಿದ ಮೇಲೆ ಮೊದಲ ಸಲ ರಕ್ತ ಬಂದ್ರೆ, ಯಾವ ವಯಸ್ಸಲ್ಲಾದ್ರೂ ರಕ್ತ ಮೂರು ನಾಲ್ಕು ವಾರ ನಿಲ್ಲದಿದ್ರೆ, ಹೋಗೋ ಅಭ್ಯಾಸ ತಿಂಗಳಿಂದ ಬದಲಾಗಿದ್ರೆ, ತೂಕ ಇಳೀತಿದ್ರೆ ಕಾಯ್ಬೇಡಿ. ಗಂಡಸರಿಗೆ ಮತ್ತು ಮುಟ್ಟು ನಿಂತ ಹೆಂಗಸರಿಗೆ ಕಾರಣ ಇಲ್ಲದೆ ಹಿಮೋಗ್ಲೋಬಿನ್ ಇಳಿದ್ರೆ ಬರೀ ಐರನ್ ಮಾತ್ರೆ ನುಂಗಿ ಸುಮ್ನಿರ್ಬೇಡಿ, ಕರುಳಲ್ಲಿ ಎಲ್ಲಾದ್ರೂ ಸೋರ್ತಿದೆಯಾ ಅಂತ ನೋಡಿಸಿ. ವಯಸ್ಸು ಚಿಕ್ಕದು ಅಂತ ಧೈರ್ಯ ಬೇಡ, ನಟ ಚಾಡ್ವಿಕ್ ಬೋಸ್‌ಮನ್ 2020ರಲ್ಲಿ ಕರುಳಿನ ಕ್ಯಾನ್ಸರ್‌ಗೆ ತೀರ್ಕೊಂಡಾಗ 43 ವರ್ಷ. ಅಮೆರಿಕಾದಲ್ಲಿ ತೊಂದರೆ ಇಲ್ಲದವರಿಗೂ ತಪಾಸಣೆ ಶುರು ಮಾಡೋ ವಯಸ್ಸನ್ನ 2021ರಲ್ಲಿ 50ರಿಂದ 45ಕ್ಕೆ ಇಳಿಸಿದ್ರು. ನಮ್ಮ ಸರ್ಕಾರಿ ತಪಾಸಣೆಯಲ್ಲಿ ಬಾಯಿ, ಸ್ತನ, ಗರ್ಭಕಂಠದ ಕ್ಯಾನ್ಸರ್ ಇದೆ, ಕರುಳಿನದು ಇಲ್ಲ, ಹಾಗಾಗಿ ನಾವೇ ಹೋಗ್ಬೇಕು.

ಸರ್ಜನ್ ಹತ್ರ ಕೇಳೋಕೆ ಹಿಂಜರೀಬೇಡಿ: ಇಂಥ ಆಪರೇಷನ್ ವರ್ಷಕ್ಕೆ ಎಷ್ಟು ಮಾಡ್ತೀರಿ, ಟ್ಯೂಮರ್ ಬೋರ್ಡಲ್ಲಿ ಚರ್ಚೆ ಆಗಿದೆಯಾ, ಬ್ಯಾಗ್ ಬರುತ್ತಾ, ಬಂದ್ರೆ ತೆಗೀಬಹುದಾ, ಮೂತ್ರ ಮತ್ತು ದಾಂಪತ್ಯದ ಮೇಲೆ ಏನಾಗಬಹುದು, ಆಪರೇಷನ್ ಮಾಡದಿದ್ರೆ ಏನು. ಬೇಜಾರು ಮಾಡ್ಕೊಳ್ಳದೆ ಉತ್ತರ ಕೊಡೋರ ಹತ್ರ ಧೈರ್ಯವಾಗಿ ಮಾಡಿಸ್ಕೊಳ್ಳಿ. ಎರಡನೇ ಅಭಿಪ್ರಾಯ ತಗೋತೀನಿ ಅಂದ್ರೆ ರಿಪೋರ್ಟ್ ಕೊಟ್ಟು ಕಳಿಸ್ತಾರೆ, ಅದರಲ್ಲಿ ಅವಮಾನ ಏನೂ ಇಲ್ಲ. ಡಾಕ್ಟರ್ ರಿಜಿಸ್ಟ್ರೇಷನ್ ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನಲ್ಲಿ ನೋಡಬಹುದು.

ದುಡ್ಡಿನ ವಿಷಯ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30 ಪರ್ಸೆಂಟ್, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ಸಿಗುತ್ತೆ. ಖಾಸಗಿ ಆಸ್ಪತ್ರೆಗೆ ಹೋಗೋ ಮುಂಚೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಬೇಕಾಗಬಹುದು, ಅದನ್ನ ಮೊದಲೇ ಕೇಳ್ಕೊಳ್ಳಿ. ಬೆಂಗಳೂರಲ್ಲಿ ಕ್ಯಾನ್ಸರ್‌ಗೆ ಕಿದ್ವಾಯಿ ಇದೆ, ಕರುಳಿನ ಆಪರೇಷನ್‌ಗೆ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲೇ ಸರ್ಕಾರಿ ಗ್ಯಾಸ್ಟ್ರೋಎಂಟರಾಲಜಿ ಸಂಸ್ಥೆ ಇದೆ.

ಮನೆಯವರಿಗೂ ಒಂದು ಮಾತು

ಅಪ್ಪ, ಅಮ್ಮ, ಅಣ್ಣ, ತಮ್ಮ, ಅಕ್ಕ, ತಂಗಿ ಇವರಲ್ಲಿ ಯಾರಿಗಾದ್ರೂ ಬಂದಿದ್ರೆ ಉಳಿದವರು 40ಕ್ಕೇ ಕೊಲೊನೊಸ್ಕೋಪಿ ಮಾಡಿಸ್ಬೇಕು, ಅಥವಾ ಅವರಿಗೆ ಗೊತ್ತಾದ ವಯಸ್ಸಿಗಿಂತ 10 ವರ್ಷ ಮುಂಚೆ, ಯಾವುದು ಮೊದಲೋ ಅದು. ದೊಡ್ಡಪ್ಪನ ಎರಡನೇ ಫಾಲೋಅಪ್ಪಲ್ಲಿ ಸರ್ಜನ್ ಇದನ್ನ ಹೇಳಿ, ಪಕ್ಕದಲ್ಲಿ ಕೂತಿದ್ದ ನಮ್ಮಣ್ಣನ (ದೊಡ್ಡಪ್ಪನ ಮಗ) ಕಡೆ ತಿರುಗಿ ವಯಸ್ಸೆಷ್ಟು ಅಂತ ಕೇಳಿದ್ರು. 41. ಒಂದು ತಿಂಗಳು ಅದು ಇದು ನೆಪ ಹೇಳಿ ಕೊನೆಗೆ ಮಾಡಿಸ್ಕೊಂಡ. ಎರಡು ಪಾಲಿಪ್ ಇತ್ತು, ಒಂದು ಸೆಂಟಿಮೀಟರಿಗಿಂತ ಚಿಕ್ಕವು, ಅಲ್ಲೇ ತೆಗೆದ್ರು, ಬಯಾಪ್ಸಿಯಲ್ಲಿ ಕ್ಯಾನ್ಸರ್ ಇಲ್ಲ ಅಂತ ಬಂತು. ಮುಂದಿನ ಕೊಲೊನೊಸ್ಕೋಪಿ ಯಾವಾಗ ಅಂತ ಡಿಸ್ಚಾರ್ಜ್ ಶೀಟಲ್ಲಿ ಬರೆದಿದ್ರು, ದೊಡ್ಡಪ್ಪ ಅದನ್ನ ತೋಟದ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಕೊಂಡಿದಾರೆ.